ಕುಂತ್ರೇನವಾ ಎಲ್ಲಾರೂ?

ಗದ್ವಾಲದ ಡ್ರೈವಿಂಗ್ ಟೆಸ್ಟಿನ ಮೈದಾನದಲ್ಲಿ ಇನ್ಸ್‌ಪೆಕ್ಟರ್ ಸೀಟಿ ಊದಿದರು. ರಜಿತಾ ಆಟೋದ ಕ್ಲಚ್ ಹಿಡಿದು ಗೇರು ಹಾಕಿದಳು. ಆಮೇಲೆ ಹಿಂದಕ್ಕೆ ತಿರುಗಿ, "ಕುಂತ್ರೇನವಾ ಎಲ್ಲಾರೂ?" ಎಂದು ಕೇಳಿ, ಉತ್ತರಕ್ಕೆ ಕಾದಳು. ಹಿಂದಿನ ಸೀಟಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅವಳು ಕಾಯುತ್ತಿದ್ದಂತೆ ಆಟೋ ಇಳಿಜಾರಿನಲ್ಲಿ ಮೆಲ್ಲಗೆ ಹಿಂದಕ್ಕೆ ಸರಿದು ಸುಣ್ಣದ ಗೆರೆ ದಾಟಿತು.

"ಎನಕ ಎವರುನ್ನರಮ್ಮಾ?" ಹಿಂದೆ ಯಾರಿದ್ದಾರಮ್ಮಾ ಎಂದು ಇನ್ಸ್‌ಪೆಕ್ಟರು ತೆಲುಗಿನಲ್ಲಿ ಕೇಳಿದರು. ಮೂರನೆಯ ಸಲವೂ ಫೇಲು.

ರಜಿತಾಳ ಊರು ಕೆ.ಟಿ. ದೊಡ್ಡಿಯ ಹೆಂಗಸರು ಹತ್ತಿ ಬೀಜದ ಹೊಲಗಳಿಗೆ ಹೂವಿಗೆ ಹೂವಿನ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಹೋಗುವುದು ಇದೇ ಆಟೋದಲ್ಲಿ. ಎಲ್‌ಎಲ್‌ಆರ್ ಎಂಬ ಕಲಿಕೆಯ ಲೈಸೆನ್ಸ್ ಬಂದಾಗಿನಿಂದ ಓಡಿಸುವವಳು ರಜಿತಾ. ಪಕ್ಕಕ್ಕೆ ಲೈಸೆನ್ಸ್ ಇರುವ ಗಂಡ ಮೊಗುಲಪ್ಪ ಒತ್ತಿಕೊಂಡು ಕೂರುತ್ತಾನೆ. ಬುತ್ತಿಗಂಟು, ನೀರಿನ ಕ್ಯಾನು ಎಲ್ಲ ಒಳಗೆ ಸೇರಿ, ಮೊಣಕಾಲು ನೋವಿನ ಪೆಂಟಮ್ಮ ಎಲ್ಲರಿಗಿಂತ ಕಡೆಗೆ ಹತ್ತಿ "ಹೂಂ, ಬಿಡವಾ" ಎಂದ ಮೇಲೆಯೇ ಅವಳ ಕೈ ಕ್ಲಚ್ ಬಿಡುವುದು. ತಿರುಗಿ ಕೇಳುವ ಆ ಅಭ್ಯಾಸ ಟೆಸ್ಟಿನ ಮೈದಾನಕ್ಕೂ ಬೆನ್ನು ಹತ್ತಿ ಬಂದಿತ್ತು.

"ನಾ ಒಂದ ಸಲಕ್ಕ ಪಾಸಾದಾಂವ, ಗೊತ್ತೈತಿಲ್ಲೋ?" ಊರಿಗೆ ಮರಳುವಾಗ ಮೊಗುಲಪ್ಪ ಶುರು ಮಾಡಿದ.

"ಗೊತ್ತೈತ್ರಿ. ಪಾಸಾದ ಮರುದಿನಾನ ಬೇವಿನ ಗಿಡಕ್ಕ ಗುದ್ದಿದ್ರಿ."

"ಆ ಗಿಡ ರಸ್ತಾಕ್ಕ ಬಂದಿತ್ತು."

"ಹೂಂ, ನಡಕೋಂತ ಬಂದಿತ್ತು."

ಇಬ್ಬರೂ ನಕ್ಕರು. ಆದರೆ ನಗುವ ಹೊತ್ತಲ್ಲ ಅದು. ಅಮಾವಾಸ್ಯೆ ಮುಗಿದ ಕೂಡಲೇ ಮೊಗುಲಪ್ಪ ಕಟ್ಟಡದ ಕೆಲಸಕ್ಕೆ ಪುಣೆಗೆ ಹೋಗುವವನು. ಅಷ್ಟರೊಳಗೆ ಅವಳಿಗೆ ಲೈಸೆನ್ಸ್ ಆಗದಿದ್ದರೆ ಆಟೋ ಅಂಗಳದಲ್ಲಿ ಕೋಳಿ ಕೂರುವ ಜಾಗವಾಗುತ್ತದೆ, ಹೆಂಗಸರು ಊರಿನ ಇನ್ನೊಬ್ಬ ಆಟೋದವ ಲಿಂಗಣ್ಣನ ಗಾಡಿ ಹತ್ತುತ್ತಾರೆ. ಗುಂಪಿನ ಹಿರಿಯಳು ಉರುಕುಂದಮ್ಮ ಮುಚ್ಚುಮರೆ ಮಾಡದೆ ಹೇಳಿಬಿಟ್ಟಿದ್ದಳು: "ನಮಗ ನಿನ್ನ ಗಾಡೀನ ಬೇಕವಾ. ಆದ್ರ ಪೊಲೀಸ್ರು ದಾರ್‍ಯಾಗ ಹಿಡದು ನಿಂದ್ರಿಸಿದ್ರ ನಾವು ಹೊಲ ಮುಟ್ಟೂದು ಯಾವಾಗ?" ರಜಿತಾಳಿಗೆ ಆ ಆಟೋ ಎಂದರೆ ಜೀವ. ಹ್ಯಾಂಡಲ್ ಬಿಟ್ಟು ಮತ್ತೆ ಹತ್ತಿ ಸಾಲಿನಲ್ಲಿ ಬೆನ್ನು ಬಗ್ಗಿಸುವುದು ಅವಳಿಗೆ ಬೇಡವೇ ಬೇಡವಾಗಿತ್ತು.

ಮೊಗುಲಪ್ಪ ಒಂದು ಉಪಾಯ ಹೂಡಿದ. ಸಂಜೆ ಊರ ಹೊರಗಿನ ರಸ್ತೆಯಲ್ಲಿ ಅವಳ ಕೈಗೆ ಗಾಡಿ ಕೊಟ್ಟು, ತಾನು ಮಡಿಲಲ್ಲಿ ಶೇಂಗಾ ಇಟ್ಟುಕೊಂಡು ಹಿಂದೆ ಕೂತ. ಅವಳು ತಿರುಗಿದರೆ ಸಾಕು, ಒಂದು ಶೇಂಗಾ ಹಾರಿ ಬಂದು ಮೂಗಿಗೆ ಬಡಿಯುತ್ತಿತ್ತು. "ಮುಂದ ನೋಡು!" ಮೊದಲ ದಿನ ಅವಳ ಕಾಲ ಬುಡದಲ್ಲಿ ಶೇಂಗಾ ರಾಶಿಯೇ ಬಿದ್ದಿತ್ತು. ಅಮಾವಾಸ್ಯೆ ಹತ್ತಿರ ಬರುವಷ್ಟರಲ್ಲಿ ಎಸೆಯಲು ಅವಕಾಶವೇ ಸಿಗದೆ ಮೊಗುಲಪ್ಪ ಅಷ್ಟನ್ನೂ ತಾನೇ ಸುಲಿದು ತಿಂದ.

ನಾಲ್ಕನೆಯ ಸಲ ಸೀಟಿ ಊದಿದಾಗ ರಜಿತಾಳ ಕತ್ತು ಅಲುಗಲಿಲ್ಲ. ಪಾಸು! ಇನ್ಸ್‌ಪೆಕ್ಟರು "ಶಬಾಷ್" ಎಂದರು. ಮೊಗುಲಪ್ಪ ಓಣಿಗೆಲ್ಲ ಸಕ್ಕರೆ ಹಂಚಿ, ನಿಶ್ಚಿಂತೆಯಿಂದ ಪುಣೆಯ ಬಸ್ಸು ಹತ್ತಿದ.

ಮರುದಿನ ಬೆಳಿಗ್ಗೆ ಹೆಂಗಸರು ಮಾತಾಡುತ್ತ, ನಗುತ್ತ ಆಟೋ ಹತ್ತತೊಡಗಿದರು. ರಜಿತಾ ಇವತ್ತು ಸೀಟಿನ ನಟ್ಟನಡುವೆ, ಒಬ್ಬಳೇ. ಕ್ಲಚ್ ಹಿಡಿದಳು, ಗೇರು ಹಾಕಿದಳು, ದೃಷ್ಟಿ ರಸ್ತೆಯ ಮೇಲೆ. ಗಾಡಿ ಬಿಟ್ಟಳು.

"ಅಯ್ಯಯ್ಯೋ, ನಿಂದ್ರಸು! ನಿಂದ್ರಸು!"

ಬ್ರೇಕ್ ಒತ್ತಿ ಕೆಳಗೆ ಹಾರಿದಳು. ಪೆಂಟಮ್ಮ ರಸ್ತೆಯ ಮೇಲೆ ಕೂತಿದ್ದಳು. ಬುತ್ತಿಗಂಟು ಬಿಚ್ಚಿ ಜೋಳದ ರೊಟ್ಟಿ, ಪುಂಡಿಪಲ್ಯ ಎಲ್ಲ ಮಣ್ಣಾಗಿತ್ತು.

"ದೊಡ್ಡವ್ವಾ, ಪೆಟ್ಟಾತೇನು?" ರಜಿತಾ ಅವಳ ರಟ್ಟೆ ಹಿಡಿದು ಎಬ್ಬಿಸಿದಳು.

"ಏನಾಗಿಲ್ಲ ಬಿಡವಾ. ಒಂದ ಕಾಲ ಒಳಗಿಟ್ಟಿದ್ದೆ. ನೀ ಕೇಳ್ತಿಯಲ್ಲ ಅಂತ ಸಾವಕಾಶ ಹತ್ತಾಕತ್ತಿದ್ದೆ."

ಆ ಮಾತಿಗೆ ರಜಿತಾಳ ದುಃಖ ಒತ್ತರಿಸಿ ಬಂತು. ಅಲ್ಲೇ ರಸ್ತೆಯಲ್ಲಿ ಕೂತು ಗಳಗಳ ಅತ್ತಳು. "ಹಿಂದ ನೋಡಿದ್ರ ಫೇಲ್ ಮಾಡ್ತಾರ, ಅತ್ತೀ," ಎಂದು ಉರುಕುಂದಮ್ಮನ ಮುಖ ನೋಡಿದಳು.

ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಅಷ್ಟರಲ್ಲಿ ಹಾರ್ನ್ ಹೊಡೆಯುತ್ತ ಲಿಂಗಣ್ಣನ ಆಟೋ ಬಂದು ಪಕ್ಕದಲ್ಲೇ ನಿಂತಿತು. "ಬರ್‍ರಿ, ನಾ ಬಿಡ್ತೀನಿ," ಎಂದ ಲಿಂಗಣ್ಣ.

"ನೀ ನಡಿಯಪ್ಪಾ," ಎಂದು ಉರುಕುಂದಮ್ಮ ಅವನನ್ನು ಕೈಬೀಸಿ ಕಳಿಸಿಬಿಟ್ಟಳು. ಆಮೇಲೆ ಒಂದು ರೊಟ್ಟಿ ಎತ್ತಿ, ಮಣ್ಣು ಕೊಡವಿ, ಪೆಂಟಮ್ಮನ ಗಂಟಿಗೆ ಸೇರಿಸಿ ಕಟ್ಟುತ್ತ ರಜಿತಾಳಿಗೆ ಹೇಳಿದಳು:

"ಅಳಬ್ಯಾಡ ಏಳು. ಇವತ್ತ ನಾವು ನಡಕೊಂಡ ಹೋಗ್ತೀವಿ. ನೀ ಗದ್ವಾಲಕ್ಕ ಹೋಗಿ ಇನ್ನೊಂದ ಸಲ ಫೇಲಾಗಿ ಬಾ ನನ್ನವ್ವಾ, ನಾಳಿಂದ ನಿನ್ನ ಗಾಡೀನ ಹತ್ತತೀವಿ."