ಚಟ್ನಿಪುಡಿ ಮತ್ತು ಕಂಪ್ಯೂಟರ್

ಕಂಪ್ಯೂಟರ್‌ಗಳು ಕರೆಂಟಿನ ಬದಲು ಹತ್ತಿರದ ಮನುಷ್ಯರ ಮಾತಿನ ಶಕ್ತಿಯಿಂದಲೇ ಓಡತೊಡಗಿದ ಮೇಲೂ ದಾವಣಗೆರೆಯ ರುದ್ರೇಶ, ಶಶಿಕಲಾ ದಂಪತಿಯ ಟೈಪಿಂಗ್ ಅಂಗಡಿಯದು ಆಗಾಗ ಆಫ್ ಆಗುತ್ತಿತ್ತು.

ರಿಪೇರಿಯ ನಸೀಮಾ ಫ್ಯಾನಿನ ಧೂಳು ಒರೆಸಿ ಕೇಳಿದಳು: "ಗಿರಾಕಿ ಇದ್ದಾಗ ಓಡುತ್ತಾ ಅಕ್ಕಾ?"

"ಓಡುತ್ತೆ. ಅವರು ಹೋದ ಕೂಡಲೇ ಆಫ್."

"ಆಮೇಲೆ ನೀವಿಬ್ಬರೂ ಮಾತಾಡಲ್ವಾ?"

"ನಾಲ್ಕು ದಿನದಿಂದ ಇಲ್ಲ. ನಮ್ಮಮ್ಮ ಕಳಿಸಿದ ಚಟ್ನಿಪುಡಿ ಸಪ್ಪೆ ಅಂದ್ರು ಇವರು."

"ನಾನು ಹಂಗಂದಿಲ್ಲ ಅಂತ ಅವಳಿಗೆ ಹೇಳಮ್ಮ," ಎಂದ ರುದ್ರೇಶ, ಗೋಡೆ ನೋಡುತ್ತ.

"ನೀವೇ ಹೇಳ್ಕೊಳ್ಳಿ," ಎಂದು ನಸೀಮಾ ಚೀಲ ಹೆಗಲಿಗೇರಿಸಿ ಹೊರಟಳು.

ಅಂಗಡಿ ಮೌನವಾಯಿತು. ಪರದೆ ಮಂಕಾಗತೊಡಗಿತು. ಅದರಲ್ಲಿ ಇನ್ನೂ ಸೇವ್ ಮಾಡದ ಲಗ್ನಪತ್ರಿಕೆ ಇತ್ತು.

"ನಾನು ಅಂದಿಲ್ಲ ಕಣೇ!" ರುದ್ರೇಶ ಕೂಗಿದ.

"ಅಂದ್ರಿ! ಎರಡು ಸಲ ಅಂದ್ರಿ!"

ಪರದೆ ಕಣ್ಣು ಕುಕ್ಕುವಂತೆ ಬೆಳಗಿತು.

ಮೆಟ್ಟಿಲಿನಿಂದ ನಸೀಮಾ ಹಿಂತಿರುಗಿ ನೋಡಿದಳು. "ಅಕ್ಕಾ, ನಾಳೆ ಸ್ಟೆಬಿಲೈಸರ್ ತರ್ತೀನಿ!"