ಚೀಲಕ್ಕೊಂದು ಮುಕ್ಕು

ಕೊಳವೆಯೊಳಗಿನ ನೀಲಿ ನೀರು ಮೂರನೆಯ ವಾರವೂ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಡಾಕ್ಟರ್ ಗೌಸಮೊದ್ದೀನ ಸ್ಪಿರಿಟ್ ದೀಪ ಆರಿಸಿ, ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮುರಿಗೆವ್ವನಿಗೆ ತೋರಿಸಿದರು. ಅವಳ ಗಂಡ, ಜೋಳದ ವ್ಯಾಪಾರಿ ಗುರುಶಿದ್ದಪ್ಪನ ಮೂತ್ರದಲ್ಲಿ ಸಕ್ಕರೆ ಒಂದಿಷ್ಟೂ ಇಳಿದಿರಲಿಲ್ಲ. ಅದು ಇಳಿಯದೆ ಬಲಗಾಲ ಹೆಬ್ಬೆರಳಿನ ಹುಣ್ಣು ಮಾಯುವಂತಿರಲಿಲ್ಲ.

"ಅವ್ವಾ, ಖರೇ ಹೇಳ್ರಿ. ಕದ್ದು ರೊಟ್ಟಿ ಕೊಡಾಕತ್ತೀರೇನು?"

ಮುರಿಗೆವ್ವ ಅವರನ್ನು ಅಡುಗೆಮನೆಯ ಹೊಸ್ತಿಲವರೆಗೆ ಕರೆದೊಯ್ದಳು. ಒಲೆಯ ಮೇಲೆ ಮೆಂತ್ಯಪಲ್ಯ ಮೂರನೆಯ ಸಲ ಕುದಿಯುತ್ತಿತ್ತು. ಪಕ್ಕದಲ್ಲಿ ಎರಡು ಸಲ ಬಸಿದ ಕಟ್ಟು ಚೆಲ್ಲಲು ಕಾದಿತ್ತು. ರೊಟ್ಟಿಯ ಹಂಚು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು.

"ನಮ್ಮತ್ತಿ ಇದ್ದಿದ್ರ, ಕಟ್ಟು ಚೆಲ್ಲಿದ್ದಕ್ಕ ನನ್ನ ತವರಮನಿಗೆ ಕಳಸ್ತಿದ್ರು. ಈ ಮನ್ಯಾಗ ಕಟ್ಟಿನ ಸಾರು ಮಾಡದ ದಿನಾ ಇದ್ದಿದ್ದಿಲ್ಲ. ಮೂರು ಸಲ ಕುದಿಸಿ ಹಿಂಡಿದ ಮ್ಯಾಲ ಅದರಾಗ ಏನ್ ಉಳೀತೈತ್ರಿ?"

"ನಾರು."

"ನಾರು ತಿಂದು ಮನಷ್ಯಾ ಬದುಕ್ತಾನೇನ್ರಿ? ಬರೇ ಹೊಟ್ಟು ಹಾಕಿದ್ರ ನಮ್ಮ ಎತ್ತು ಸುದ್ದಾ ಮಾರಿ ತಿರವತೈತಿ."

"ಮೊಸರು, ಬೆಣ್ಣಿ, ಶೇಂಗಾ ಅದಾವಲ್ಲ. ನಾರು ಹೊಟ್ಟಿ ತುಂಬತೈತಿ, ಸಕ್ಕರಿ ಆಗೂದಿಲ್ಲ. ನೀವು ಮಾತ್ರ ರೊಟ್ಟಿ ತಿನ್ರಿ, ನಿಮಗೇನೂ ಆಗಿಲ್ಲ."

"ರೊಟ್ಟಿ ಬಡಿಯೋ ಸಪ್ಪಳ ಅಂಗಡಿತನಕಾ ಕೇಳತೈತ್ರಿ. ಅವರು ಬಿಟ್ಟಾಗ ನಾ ಹೆಂಗ ತಿನ್ಲಿ?" ಎಂದಳು ಮುರಿಗೆವ್ವ. ಅವಳ ಬಳೆಗಳು ಮುಂಗೈಯಿಂದ ಜಾರಿ ಬೆರಳುಗಳವರೆಗೆ ಬಂದಿದ್ದವು. ಡಾಕ್ಟರರು ಅದನ್ನು ನೋಡಿ, ಬೇರೆ ಕಡೆ ನೋಡಿದರು.

"ಲಿಂಗಾ ಮುಟ್ಟಿ ಆಣಿ ಮಾಡ್ಯಾರ್ರಿ," ಅವಳೇ ಮತ್ತೆ ಹೇಳಿದಳು. "ಒಂದು ತುತ್ತು ಜೋಳಾ ತಿಂದಿಲ್ಲಂತ."

ಅಂಗಡಿ ಮನೆಯ ಮುಂಭಾಗದಲ್ಲೇ ಇತ್ತು. ಗುರುಶಿದ್ದಪ್ಪ ಗಾದಿಯ ಮೇಲೆ ಕೂತು, ಬಟ್ಟೆ ಸುತ್ತಿದ ಬಲಗಾಲನ್ನು ಮಡಿಸಿದ ಚೀಲವೊಂದರ ಮೇಲೆ ಚಾಚಿದ್ದ. ಶಿರಗುಪ್ಪಿಯ ಅಲ್ಲಾಸಾಬ ಹಗೇವಿನಿಂದ ತೆಗೆದ ಜೋಳ ತಂದು ಚೀಲಗಳ ಬಾಯಿ ಬಿಚ್ಚುತ್ತಿದ್ದ. ನೆಲದೊಳಗಿನ ಹಗೇವಿಗೆ ನೀರು ಇಳಿದಿದ್ದರೆ ಅದು ಕಣ್ಣಿಗೆ ಕಾಣದು, ಮೂಗಿಗೂ ಒಮ್ಮೊಮ್ಮೆ ತಿಳಿಯದು. ಗುರುಶಿದ್ದಪ್ಪನ ನಾಲಿಗೆಗೆ ತಿಳಿಯುತ್ತಿತ್ತು. ಆ ಓಣಿಯಲ್ಲಿ ನಲವತ್ತು ವರ್ಷದಿಂದ ಜೋಳದ ದರ ನಿಂತದ್ದು ಆ ನಾಲಿಗೆಯ ಮೇಲೆ. ಅವನು ಚೀಲದೊಳಗೆ ಕೈ ಹಾಕಿ, ಬಂದಷ್ಟನ್ನು ಬಾಯಿಗೆ ಎಸೆದುಕೊಂಡು, ಕಣ್ಣು ಮುಚ್ಚಿ ಅಗಿದ. ರಸ ನುಂಗಿ, ಉಳಿದ ಸಿಪ್ಪೆಯನ್ನು ಹಿತ್ತಾಳೆಯ ಪೀಕದಾನಿಗೆ ಉಗುಳಿದ.

"ಛಲೋ ಐತಿ. ಮುಂದಿಂದು ಬಿಚ್ಚು."

ಡಾಕ್ಟರರು ಅಂಗಡಿಗೆ ಬಂದು ನಾಲ್ಕು ಚೀಲದವರೆಗೆ ನಿಂತು ನೋಡಿದರು.

"ದಿನಕ್ಕ ಎಷ್ಟು ಚೀಲಾ ಹಿಂಗ?"

"ಹಗೇವು ತಗಿಯೋ ದಿನಾ ಅದಾವ್ರಿ. ಅರವತ್ತು, ಎಪ್ಪತ್ತು."

"ಮತ್ತ ಲಿಂಗಾ ಮುಟ್ಟಿ ಆಣಿ ಮಾಡೀರಂತ?"

"ಮಾಡೇನಿ. ತಿಂದಿಲ್ಲ."

"ಇದೇನು?"

"ಇದು ತಿನ್ನೂದಲ್ರಿ. ಜೋಳಾ ನೋಡೂದು."

ಡಾಕ್ಟರರು ಪೀಕದಾನಿಯೊಳಗೆ ಬಗ್ಗಿ ನೋಡಿದರು. ಅದು ಮುಕ್ಕಾಲು ತುಂಬಿತ್ತು. "ಸಾವ್ಕಾರ್ರ, ಹಿಟ್ಟು ಬಿಡ್ರಿ, ನಾರು ತಿನ್ರಿ ಅಂದಿದ್ದೆ. ನೀವು ಹಿಟ್ಟು ನುಂಗಿ ನಾರು ಉಗಳಾಕತ್ತೀರಿ."

ಅಲ್ಲಾಸಾಬ ನಕ್ಕ. ಬೇರೆ ಯಾರೂ ನಗದ್ದನ್ನು ಕಂಡು ನಿಲ್ಲಿಸಿದ. ಒಳಬಾಗಿಲಲ್ಲಿ ಮುರಿಗೆವ್ವ ನಿಂತಿದ್ದಳು. ಅವಳು ಬಂದದ್ದು ಗುರುಶಿದ್ದಪ್ಪನಿಗೆ ಆಗ ಗೊತ್ತಾಯಿತು.

"ನನ್ನ ಕೈಲೇ ಕಟ್ಟು ಚೆಲ್ಲಿಸಿದ್ರಿ," ಎಂದಳು.

"ಇದನ್ನ ಇವತ್ತ ಬಿಡ್ರಿ," ಎಂದರು ಡಾಕ್ಟರರು. "ಇಲ್ಲಾ, ಸೋಮವಾರ ಬೆರಳು ತಗಸಾಕ ಬರ್ರಿ. ಎರಡರಾಗ ಒಂದು."

ಬಾಯಿ ಬಿಚ್ಚಿದ ಚೀಲ ಹಾಗೇ ಇತ್ತು. ಅಲ್ಲಾಸಾಬ ಮೆಲ್ಲಗೆ ಕೇಳಿದ: "ನಿಮಗ ತ್ರಾಸಾದ್ರ ಇರ್ಲಿ ಬಿಡ್ರಿ, ಸಾವ್ಕಾರ್ರ. ಮಗ್ಗಲ ಅಂಗಡಿಗೆ ತೋರಸ್ಲೇನು?"

ಗುರುಶಿದ್ದಪ್ಪ ಒಮ್ಮೆ ತನ್ನ ಕಾಲನ್ನು ನೋಡಿಕೊಂಡ. ಆಮೇಲೆ ಚೀಲದೊಳಗೆ ಮೊಣಕೈವರೆಗೆ ತೋಳು ಇಳಿಸಿ, ತಳದಿಂದ ಹಿಡಿ ಜೋಳ ತೆಗೆದು ಬಾಯಿಗೆ ಹಾಕಿಕೊಂಡ. ಈ ಸಲ ಬಹಳ ಹೊತ್ತು ಅಗಿದ.

"ಇದಕ್ಕ ನೀರು ಹತ್ತೇತಿ, ಅಲ್ಲಾಸಾಬ."

ಅಲ್ಲಾಸಾಬ ತಲೆ ತಗ್ಗಿಸಿದ.

ಡಾಕ್ಟರರು ಪೀಕದಾನಿಯನ್ನು ಗುರುಶಿದ್ದಪ್ಪನ ಹತ್ತಿರಕ್ಕೆ ಸರಿಸಿದರು. ಅವನು ಉಗುಳಲಿಲ್ಲ. ಅವನ ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು.

"ನಾರೂ ನುಂಗೇನ್ರಿ. ಬೆರಳು ಸೋಮವಾರ ತಗೀರಿ," ಎಂದ. ಎರಡೂ ಕೈಯಿಂದ ಬಲಗಾಲನ್ನು ಎತ್ತಿ, ಚೀಲದಿಂದ ಇಳಿಸಿ, ಡಾಕ್ಟರರ ಮುಂದೆ ಇಟ್ಟ.

ಮುರಿಗೆವ್ವ ಒಳಗೆ ಹೋದಳು. ಅಲ್ಲಾಸಾಬ ಚೀಲ ಕಟ್ಟುವಷ್ಟರಲ್ಲಿ, ಮೂರು ವಾರದ ಮೇಲೆ, ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರತೊಡಗಿತು.