ಬಂಧುಗಳ ಬಡ್ತಿ

"ನಿನ್ನ ಅತ್ತೆ ತೀರಿಕೊಂಡು ಐದು ವರ್ಷ ಆಯ್ತಲ್ಲ ಮವ್ಜುದಾ, ಮಾತಾಡಿಸೋಕೆ ನಾನೂ ಬಂದಿದ್ದೆ. ಇಲ್ಲಿ ನೋಡಿದ್ರೆ 'ಸದ್ಯ ದೀರ್ಘ ವಿಶ್ರಾಂತಿಯಲ್ಲಿದ್ದು, ಹೊಸ ಜವಾಬ್ದಾರಿಗಳಿಗೆ ಸಿದ್ಧರಿದ್ದಾರೆ' ಅಂತಿದೆ. ಯಾವಾಗ ವಾಪಸ್ ಬರ್ತಾರಂತೆ?"

ಕೇಳಿದವರು ಮರ್ಗಿಲಾನ್ ಪಟ್ಟಣದ ಶಿಶುವಿಹಾರವೊಂದರ ಮುಖ್ಯಸ್ಥೆ, ಓಣಿಗೆಲ್ಲ 'ಓಪಾ', ಅಂದರೆ ಅಕ್ಕ, ಆದ ಕರೋಮತ್ ಓಪಾ. ಶಿಶುವಿಹಾರಕ್ಕೆ ಒಬ್ಬ ಅಡುಗೆಯಾಕೆ ಬೇಕಿತ್ತು. ಆರು ಅರ್ಜಿ ಬಂದಿದ್ದವು, ಮಧ್ಯಾಹ್ನದೊಳಗೆ ಒಂದು ಹೆಸರು ಜಿಲ್ಲಾ ಕಚೇರಿಗೆ ಹೋಗಬೇಕಿತ್ತು. ಮವ್ಜುದಾಳಿಗೆ ಅದು ತನ್ನದೇ ಹೆಸರಾಗಬೇಕಿತ್ತು. ಮದುವೆಯಾದ ಹನ್ನೊಂದು ವರ್ಷದಲ್ಲಿ ಮನೆಯವರು "ಹೋಗಲಿ ಬಿಡು" ಅಂದದ್ದು ಇದೊಂದೇ ಕೆಲಸಕ್ಕೆ. ಅದೂ ಮಾವ ಎರ್ಮತ್ ದಾದಾ ಜೊತೆಗೆ ಬರುವ ಷರತ್ತಿನ ಮೇಲೆ. ದಾದಾ ಪಕ್ಕದ ಕುರ್ಚಿಯಲ್ಲಿ, ಸಂದರ್ಶನ ತಮ್ಮದೇ ಎಂಬಂತೆ, ಎದೆಯುಬ್ಬಿಸಿ ಕೂತಿದ್ದರು.

ಮಾಹಿತಿ ಪತ್ರದ ಮೊದಲ ಪುಟ ಅರ್ಜಿದಾರರದ್ದು, ಎರಡನೆಯದು ಬದುಕಿರುವ ಮತ್ತು ಸತ್ತಿರುವ ಬಂಧುಗಳದ್ದು. ಮವ್ಜುದಾ ಎರಡನ್ನೂ ಫೋನಿನ ಎಐಗೆ ತೋರಿಸಿ, "ಚೆನ್ನಾಗಿ ಕಾಣೋ ಹಾಗೆ ಮಾಡು" ಎಂದಿದ್ದಳು. ಅದು ಪಾಪ, ಯಾರಲ್ಲೂ ಭೇದ ಮಾಡಲಿಲ್ಲ. ಟೈರು ಪಂಕ್ಚರು ಹಾಕುವ ಗಂಡ 'ವಾಹನ ಸುರಕ್ಷತಾ ಸಲಹೆಗಾರ'ನಾದ. ಬಜಾರಿನಲ್ಲಿ ಕರಬೂಜ ಮಾರುವ ಮೈದುನ 'ಕೃಷಿ ಮಾರುಕಟ್ಟೆ ತಜ್ಞ'ನಾದ. ಎರಡನೇ ತರಗತಿಯ ಮಗ 'ಉದಯೋನ್ಮುಖ ನಾಯಕ'. ರೇಷ್ಮೆ ಕಾರ್ಖಾನೆಯಲ್ಲಿ ಕಾವಲಿಗಿದ್ದ ಮಾವ 'ಭದ್ರತಾ ವಿಭಾಗದ ಮಾಜಿ ಮುಖ್ಯಸ್ಥ'ರು. ಸತ್ತ ಅತ್ತೆಯನ್ನೂ ಅದು ಸುಮ್ಮನಿರಲು ಬಿಟ್ಟಿರಲಿಲ್ಲ.

"ಎಐ ಬರೀತು ಓಪಾ, ನಾನು ಪೂರ್ತಿ ಓದ್ಲಿಲ್ಲ," ಎಂದಳು ಮವ್ಜುದಾ ನೆಲ ನೋಡುತ್ತ.

"ನಾನು ಓದಿದ್ದೀನಿ," ಎಂದರು ದಾದಾ. "ನನ್ನ ಸಾಲು ಸರಿಯಾಗೇ ಇದೆ. ಚಹಾದಂಗಡಿಯಲ್ಲೂ ಓದಿ ಹೇಳಿದೆ, ಯಾರೂ ತಪ್ಪು ಅನ್ನಲಿಲ್ಲ."

"ಆ ವಿಭಾಗದಲ್ಲಿ ಎಷ್ಟು ಜನ ಇದ್ರಿ ದಾದಾ?"

"ನಾನು. ಆಮೇಲೆ ಒಂದು ನಾಯಿ."

"ಹಾಗಾದ್ರೆ ಮುಖ್ಯಸ್ಥರೇ ಬಿಡಿ," ಎಂದು ಓಪಾ ಮೊದಲ ಪುಟಕ್ಕೆ ತಿರುಗಿದರು. ಅಲ್ಲಿ ಒಂದೇ ಸಾಲಿತ್ತು: 'ಅನುಭವ: ಇಲ್ಲ.'

"ಏನೇ ಇದು? ಸತ್ತವರಿಗೂ ಬಡ್ತಿ ಕೊಟ್ಟ ಯಂತ್ರ ನಿನ್ನೊಬ್ಬಳನ್ನ ಯಾಕೆ ಬಿಟ್ಟುಬಿಡ್ತು?"

"ನನ್ನ ಬಗ್ಗೆ ಹೇಳೋಕೆ ಏನಿತ್ತು ಓಪಾ? ಮನೇಲೇ ಇದ್ದೆನಲ್ಲ."

"ಅದಕ್ಕೇನು ಕನಸು ಬೀಳುತ್ತಾ? ನೀನು ಕೊಟ್ಟಿದ್ದಕ್ಕೆ ಒಗ್ಗರಣೆ ಹಾಕಿ ವಾಪಸ್ ಕೊಡುತ್ತೆ, ಅಷ್ಟೇ. ಮನೇಲಿ ಎಷ್ಟು ಜನ?"

"ಹದಿನಾಲ್ಕು."

"ಅಡುಗೆ ಯಾರು ಮಾಡೋದು?"

ಮವ್ಜುದಾ ಉತ್ತರಿಸುವ ಮೊದಲೇ ದಾದಾ ನಕ್ಕರು. "ಅದೂ ಒಂದು ಕೆಲಸಾನಾ ಮಗಳೇ? ಸೊಸೆ ಅಂದ್ಮೇಲೆ ಮಾಡ್ತಾಳೆ."

"ಇಲ್ಲಿ ಆ ಕೆಲಸಕ್ಕೇ ಸಂಬಳ ಕೊಡ್ತಾರೆ ದಾದಾ," ಎಂದು ಓಪಾ ಆ ಎರಡು ಪುಟಗಳನ್ನು ಹರಿದು ಬುಟ್ಟಿಗೆ ಹಾಕಿದರು. "ಇದನ್ನ ಕಳಿಸಿದ್ರೆ ಕಚೇರಿಯವರು ಅತ್ತೇನ ಸಂದರ್ಶನಕ್ಕೆ ಕರೀತಾರೆ. ಫೋನ್ ತೆಗಿ ಮವ್ಜುದಾ. ಇನ್ನೊಂದು ಸಲ ಹೇಳು. 'ಚೆನ್ನಾಗಿ ಮಾಡು' ಅನ್ಬೇಡ. ಮಾಡಿದ್ದು ಮಾತ್ರ ಹೇಳು, ಅದು ಸಾಲಾಗಿ ಜೋಡಿಸಲಿ."

ಮವ್ಜುದಾ ಫೋನನ್ನು ಬಾಯಿಯ ಹತ್ತಿರ ಹಿಡಿದಳು. ರೊಟ್ಟಿಯಿಂದ ಶುರು ಮಾಡಿದಳು. ಆಮೇಲೆ ನಿಲ್ಲಲಿಲ್ಲ. ವಾರಕ್ಕೆ ಎರಡು ಸಲ ತಂದೂರಿನಲ್ಲಿ ನಲವತ್ತು ರೊಟ್ಟಿ. ಮೂರು ಹೊತ್ತು ಹದಿನಾಲ್ಕು ಜನಕ್ಕೆ. ಮೈದುನನ ಮನೆ ಕಟ್ಟಲು ಓಣಿಯೇ ಕೈಜೋಡಿಸಿದಾಗ ಮೂವತ್ತು ಜನಕ್ಕೆ ಇಪ್ಪತ್ತು ದಿನ. ಹಾಲು ಒಗ್ಗದ ಕೂಸಿಗೆ ಬೇರೆ ಗಂಜಿ. ಸಕ್ಕರೆ ಕಾಯಿಲೆಯ ಮಾವನಿಗೆ ಬೇರೆ ಪಾತ್ರೆಯಲ್ಲಿ ಅಡುಗೆ, ಎಣ್ಣೆ ಅಳೆದು, ಒಂಬತ್ತು ವರ್ಷದಿಂದ, ಒಂದು ಹೊತ್ತೂ ತಪ್ಪದೆ.

"ಬೇರೆ ಪಾತ್ರೆನಾ?" ಎಂದರು ದಾದಾ. "ನಂಗೆ ಯಾರೂ ಹೇಳಲೇ ಇಲ್ಲ."

ಎಐ ಆಗಲೇ ಉತ್ಸಾಹದಿಂದ ಬರೆದು ತೋರಿಸಿತು: 'ಬಹುಮುಖಿ ಪಾಕ ಕಾರ್ಯತಂತ್ರ ನಿರ್ವಾಹಕಿ.'

"ಶುರು ಮಾಡ್ತು ನೋಡು," ಎಂದರು ಓಪಾ. "ಅದನ್ನ ಅಳಿಸು. 'ಅಡುಗೆ' ಅಂತ ಹಾಕು. ನಮ್ಮ ಎಪ್ಪತ್ತು ಮಕ್ಕಳು ಕಾರ್ಯತಂತ್ರ ತಿನ್ನಲ್ಲ."

ಮವ್ಜುದಾ ಅಳಿಸಿದಳು. ಈ ಸಲ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಕೊನೆಯ ತನಕ ಓದಿದಳು. ಬಂಧುಗಳ ಪುಟಕ್ಕೆ ಬಂದಾಗ ದಾದಾ ಕೆಮ್ಮಿದರು.

"ನನ್ನ ಸಾಲಲ್ಲಿ ಈಗ ಏನಂತ ಹಾಕ್ತೀಯ ಮಗಳೇ?"

"ಕಾವಲುಗಾರ, ದಾದಾ."

"'ಹಿರಿಯ' ಅಂತಾದ್ರೂ ಸೇರಿಸಬಹುದಿತ್ತು," ಎಂದು ಗೊಣಗಿ ಎದ್ದ ದಾದಾ, ಕನ್ನಡಕ ಹುಡುಕಿ ಹಾಕಿಕೊಂಡು, ತಮ್ಮ ಸಾಲಿಗಾಗಿ ಮೂಲೆಯ ಪ್ರಿಂಟರಿನ ಮುಂದೆ ನಿಂತರು. ಮವ್ಜುದಾಳ ಪುಟ ತಲೆಯಿಂದ ಬುಡದ ತನಕ ತುಂಬಿಕೊಂಡು, ಬೆಚ್ಚಗೆ ಹೊರಬಂತು. ಅಷ್ಟರಲ್ಲಿ ಕೆಂಪು ದೀಪ ಮಿನುಗಿತು. ಹಾಳೆ ಮುಗಿದಿತ್ತು.

"ಬಂಧುಗಳು ಒಳಗೇ ಉಳಿದ್ರಲ್ಲ!" ಎಂದರು ದಾದಾ.

"ಇವತ್ತಿಗೆ ಇವಳೊಬ್ಬಳು ಸಾಕು. ಅವರು ನಾಳೆ ಬಂದ್ರೂ ನಡೆಯುತ್ತೆ," ಎಂದರು ಓಪಾ.

ಹೊಸ ಹಾಳೆಗಳ ಕಟ್ಟು ಕಾಣುತ್ತಿದ್ದ ಡ್ರಾಯರನ್ನು ಕರೋಮತ್ ಓಪಾ ಮೊಣಕಾಲಿನಿಂದ ಮೆಲ್ಲನೆ ಒಳಗೆ ತಳ್ಳಿದರು. ಆಮೇಲೆ ಮವ್ಜುದಾಳ ಹೆಸರಿನ ಪಕ್ಕದಲ್ಲಿ ದುಂಡು ಮೊಹರನ್ನು ಇಟ್ಟು, ಎರಡೂ ಕೈಯಿಂದ ಒತ್ತಿದರು.